ಕೆರೆ ಪಕ್ಕದ ಫಿಲ್ಟರ್ ಬೋರ್‌ವೆಲ್ ನೀರು ಅಪಾರ್ಟ್‌ಮೆಂಟ್ ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ತುಂಬಿಸಬಹುದಾ? ಬಳಸಿದವರು ಇದ್ದರೆ ಹೇಳಿ

ಮೂರನೇ_ಮಹಡಿ
ನಮಸ್ಕಾರ. ಬೆಂಗಳೂರಿನ ಪೂರ್ವ ಭಾಗದಲ್ಲಿ 64 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಈ ವರ್ಷ ನಾನು ಕಾರ್ಯದರ್ಶಿ (ಬೇರೆ ಯಾರೂ ಕೈ ಎತ್ತಲಿಲ್ಲ, ಅಷ್ಟೇ). ಕಾವೇರಿ ನೀರು ವಾರಕ್ಕೆ ಎರಡು ದಿನ ಬರುತ್ತದೆ, ಅದೂ ರಾತ್ರಿ ಎರಡು ಗಂಟೆಗೆ. ಬೋರ್ 2024ರ ಮಾರ್ಚ್‌ನಲ್ಲಿ ಕೈಕೊಟ್ಟದ್ದು ಮತ್ತೆ ಎದ್ದಿಲ್ಲ. ಉಳಿದದ್ದೆಲ್ಲ ಟ್ಯಾಂಕರ್.

ನಮ್ಮ ಟ್ಯಾಂಕರ್‌ನವರು ಒಂದು ತಿಂಗಳಿಂದ ಕೆರೆ ಪಕ್ಕದ, ಕಡಿಮೆ ಆಳದ ಫಿಲ್ಟರ್ ಬೋರ್‌ವೆಲ್‌ನಿಂದ ನೀರು ತುಂಬಿಸಿಕೊಂಡು ಬರುತ್ತಿದ್ದಾರಂತೆ. ವಾಚ್‌ಮನ್ ಬಾಯಿಬಿಟ್ಟ. ಆ ಕೆರೆಗೆ ಬರುವುದು ಚರಂಡಿ ನೀರಿನ ಶುದ್ಧೀಕರಣ ಘಟಕದಿಂದ ಬಿಟ್ಟ ನೀರು. ಭಾನುವಾರದ ಮೀಟಿಂಗ್‌ನಲ್ಲಿ ಇದರ ಮೇಲೆ ಎರಡು ಗಂಟೆ ಜಗಳ. "ಚರಂಡಿ ನೀರಿನಲ್ಲಿ ದೇವರಿಗೆ ಅಭಿಷೇಕ ಮಾಡಲಾ?" ಅಂತ ಒಬ್ಬ ಹಿರಿಯರು ಕೇಳಿದರು. "ಸಿಂಗಪುರದಲ್ಲಿ ಕುಡಿಯುತ್ತಾರೆ ಅಂಕಲ್" ಅಂತ ಒಬ್ಬ ಹುಡುಗ ಹೇಳಿದ. "ಹಾಗಾದರೆ ಅಲ್ಲಿಗೇ ಹೋಗು" ಅಂತ ಉತ್ತರ ಬಂತು. ಮೀಟಿಂಗ್ ಅಲ್ಲಿಗೆ ಮುಗಿಯಿತು.

ನನಗೆ ಬೇಕಾದದ್ದು ಇಷ್ಟೇ. 2024ರ ಬರದಲ್ಲಿ ಜಲಮಂಡಳಿಯೂ ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬಿಸಿ, ಪಕ್ಕದಲ್ಲಿ ಫಿಲ್ಟರ್ ಬೋರ್‌ವೆಲ್ ಕೊರೆದು, ಶುದ್ಧ ಮಾಡಿ ಕೊಡುತ್ತೇವೆ ಎಂದಿತ್ತು. ಅಂದರೆ ತಾಂತ್ರಿಕವಾಗಿ ಇದು ಸರಿಯೇ ಇರಬೇಕು ಅಲ್ವಾ? ಸುಮ್ನೆ ಭಯ ಪಡುತ್ತಿದ್ದೇವಾ?

ಸುಮ್ನಿರಪ್ಪ
ಕೆರೆಗೆ ಬೆಂಕಿ ಬಿದ್ದ ಊರು ಇದು. ಬೆಳ್ಳಂದೂರು ಮರೆತುಹೋಯಿತಾ? 2015ರಲ್ಲಿ ನೊರೆಗೆ ಬೆಂಕಿ, 2017ರಲ್ಲಿ ಮತ್ತೆ, 2018ರಲ್ಲಿ ಮತ್ತೆ. ಅಗ್ನಿಶಾಮಕದವರು ನೀರಿಗೆ ನೀರು ಹೊಡೆದರು. ಈಗ ಅದನ್ನು ಕುಡಿಯಲಾ ಅಂತ ಕೇಳುತ್ತಿದ್ದೀರಿ.

ಮೂರನೇ_ಮಹಡಿ
ಬೆಳ್ಳಂದೂರಿನ ನೀರು ಅಂತ ನಾನು ಎಲ್ಲಿ ಹೇಳಿದೆ?

ಸುಮ್ನಿರಪ್ಪ
ಎಲ್ಲ ಕೆರೆಯೂ ಒಂದರ ಕೋಡಿಯಿಂದ ಇನ್ನೊಂದಕ್ಕೆ ಸೇರಿಕೊಂಡಿವೆ ಸ್ವಾಮಿ.

ನೀರಗಂಟಿ_ಮೊಮ್ಮಗ
ಸೇರಿಕೊಂಡಿರುವುದು ನಿಜ, ಆದರೆ ನೀರು ಕೆಳಗೆ ಹೋಗುತ್ತದೆ, ಮೇಲಕ್ಕೆ ಬರುವುದಿಲ್ಲ. ಮೇಲಿನ ಕೆರೆ ಚೆನ್ನಾಗಿದ್ದು ಕೆಳಗಿನದು ಕೊಳೆತಿರುವುದು ಎಷ್ಟೋ ಕಡೆ ಇದೆ. ಯಾವ ಕೆರೆ, ಅದರ ಒಳಹರಿವಿನಲ್ಲಿ ಏನು ಬರುತ್ತದೆ, ಅದು ಮುಖ್ಯ.

ಇನ್ನೊಂದು ಮಾತು. ಬೆಂಗಳೂರು ಕುಡಿದದ್ದೇ ಕೆರೆ ನೀರು. ಧರ್ಮಾಂಬುಧಿ ಕೆರೆ ಇದ್ದ ಜಾಗ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಸ್ಟೇಡಿಯಂ. ನೀರು ಪೂರೈಕೆಗೆ ಅಂತಲೇ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು. ಕೊಳವೆ ನೀರು ಮೊದಲು ಬಂದದ್ದು 1896ರಲ್ಲಿ ಹೆಸರಘಟ್ಟದಿಂದ, ಅದೂ ಅರ್ಕಾವತಿಗೆ ಕಟ್ಟಿದ ಕೆರೆಯೇ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಕಾವೇರಿ ಮೊದಲ ಹಂತ ಬಂದದ್ದು 1974ರಲ್ಲಿ. ನಮ್ಮ ತಾತ ಊರಿನ ಕೆರೆಯ ನೀರಗಂಟಿ. ತೂಬು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಅಂತ ಅವರ ಮಾತೇ ಕೊನೆ. ಕೆರೆಯ ಏರಿ ಮೇಲೆ ದನ ತೊಳೆದರೆ ಗಂಡಸರು ಹೆಂಗಸರು ಅಂತ ನೋಡದೆ ಬೈಯುತ್ತಿದ್ದರು. ಈಗ ಆ ಕೆಲಸಕ್ಕೆ ಸಂಬಳವೂ ಇಲ್ಲ, ಬೈಯುವವರೂ ಇಲ್ಲ.

ಅಮ್ಮನ_ಕೈರುಚಿ
@ನೀರಗಂಟಿ_ಮೊಮ್ಮಗ ಆಗ ಕೆರೆಗೆ ಮಳೆ ನೀರು ಬರುತ್ತಿತ್ತು ತಮ್ಮಾ. ಈಗ ಬರುತ್ತಿರುವುದು ನಮ್ಮ ಬಚ್ಚಲಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ನೀರಗಂಟಿ_ಮೊಮ್ಮಗ
ಒಪ್ಪಿದೆ ಅಕ್ಕಾ. ಅಲ್ಲೇ ಸಿಕ್ಕಿಹಾಕಿಕೊಂಡಿರುವುದು. ತಿಪ್ಪಗೊಂಡನಹಳ್ಳಿ ನೀರು 2012ರಲ್ಲಿ ನಿಂತದ್ದು ಕೊಳೆ ಸೇರಿದ್ದರಿಂದಲೇ. 74 ಅಡಿ ತುಂಬಿದ ವರ್ಷವೂ ನೋಡಿ ಖುಷಿಪಟ್ಟದ್ದಷ್ಟೇ, ಕುಡಿದದ್ದಿಲ್ಲ.

ಟ್ಯಾಂಕರ್_ತಿಮ್ಮ
ಎರಡು ಟ್ಯಾಂಕರ್ ಇಟ್ಟುಕೊಂಡವನು ನಾನು. ಬೈಯುವ ಮೊದಲು ಓದಿ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. ಸರಿ. ಆದರೆ ನೀರು ಎಲ್ಲಿಂದ ತರಲಿ? ನನ್ನ ಬೋರ್ 1,400 ಅಡಿ. ಏಪ್ರಿಲ್‌ನಲ್ಲಿ ಅರ್ಧ ಗಂಟೆ ಓಡಿಸಿದರೆ ಗಾಳಿ ಬರುತ್ತದೆ. ಕೆರೆ ಪಕ್ಕದ ಬೋರ್ ನೂರು ಅಡಿಯೂ ಇಲ್ಲ, ದಿನಪೂರ್ತಿ ನೀರು. ಯಾವುದು ತರಬೇಕು ನೀವೇ ಹೇಳಿ.

ನನ್ನ ಹತ್ತಿರ ಯಾರೂ ಟೆಸ್ಟ್ ರಿಪೋರ್ಟ್ ಕೇಳಲ್ಲ. "ಎಷ್ಟು ಹೊತ್ತಿಗೆ ಬರ್ತೀಯ" ಅಂತ ಮಾತ್ರ ಕೇಳುತ್ತಾರೆ.

ಪಾಚಿ_ಪಂಡಿತ
ಮೂವತ್ತು ವರ್ಷ ನೀರಿನ ಲ್ಯಾಬ್‌ನಲ್ಲಿದ್ದು ನಿವೃತ್ತನಾದವನು. ಮೂಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಫಿಲ್ಟರ್ ಬೋರ್‌ವೆಲ್ ಅಂದರೆ ಬೋರ್‌ಗೆ ಫಿಲ್ಟರ್ ಸಿಕ್ಕಿಸಿದ್ದಲ್ಲ. ಕೆರೆಯ ದಡದಲ್ಲಿ ಕಡಿಮೆ ಆಳಕ್ಕೆ ಕೊರೆದು, ತೂತುಗಳಿರುವ ಪೈಪು ಇಳಿಸಿ, ಸುತ್ತ ಜಲ್ಲಿ ತುಂಬುತ್ತಾರೆ. ಕೆರೆಯ ನೀರು ಮಣ್ಣಿನೊಳಗೆ ಜಿನುಗುತ್ತಾ ಬಂದು ಅಲ್ಲಿ ಸೇರುತ್ತದೆ. ಮಣ್ಣೇ ಫಿಲ್ಟರ್. ಕದಡು, ಪಾಚಿ, ಬಹಳಷ್ಟು ಕ್ರಿಮಿ ಆ ದಾರಿಯಲ್ಲೇ ನಿಲ್ಲುತ್ತವೆ. ಆದ್ದರಿಂದ ನೇರ ಕೆರೆಯಿಂದ ಎತ್ತಿದ ನೀರಿಗಿಂತ ಇದು ಎಷ್ಟೋ ಮೇಲು.

ಆದರೆ ಮಣ್ಣು ಎಲ್ಲವನ್ನೂ ತಡೆಯಲ್ಲ. ಮುಖ್ಯವಾಗಿ ನೈಟ್ರೇಟ್. ಮಲಮೂತ್ರದಲ್ಲಿರುವ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಸಲೀಸಾಗಿ ಬರುತ್ತದೆ. ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಕುಡಿಯುವ ನೀರಿನ ಮಾನದಂಡ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ. ಕೂಸುಗಳಿಗೆ ಅಪಾಯ. ಇನ್ನೊಂದು, ಕುದಿಸಿದರೆ ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಯುವಿ ಫಿಲ್ಟರ್‌ನಿಂದಲೂ ಹೋಗಲ್ಲ. ಆರ್‌ಒದಿಂದ ಹೋಗುತ್ತದೆ.

ಹಾಗಾಗಿ ನನ್ನ ಉತ್ತರ: ಬಟ್ಟೆ, ಪಾತ್ರೆ, ಸ್ನಾನ, ಶೌಚಕ್ಕೆ ಕ್ಲೋರಿನ್ ಹಾಕಿ ಧಾರಾಳ ಬಳಸಿ. ಕುಡಿಯಲು, ಅಡುಗೆಗೆ ರಿಪೋರ್ಟ್ ನೋಡದೆ ಬೇಡ. ಒಂದು ಸಲದ ರಿಪೋರ್ಟ್ ಸಾಲದು. ಮಳೆಗೆ ಮೊದಲು ಒಂದು, ಮಳೆ ಆದ ಮೇಲೆ ಒಂದು ಬೇಕೇ ಬೇಕು.

ಮೂರನೇ_ಮಹಡಿ
ಧನ್ಯವಾದ ಸರ್. ಕುದಿಸಿದರೆ ಸಾಕು ಅಂತ ನಾನೇ ಎಲ್ಲರಿಗೂ ವಾಟ್ಸಾಪ್ ಮಾಡಿದ್ದೆ. ಡಿಲೀಟ್ ಮಾಡುತ್ತೇನೆ.

ಅಮ್ಮನ_ಕೈರುಚಿ
ಬೇಳೆ ಬೇಯುತ್ತದಾ ಆ ನೀರಿನಲ್ಲಿ? ನಮಗೆ ಬೋರ್ ನೀರಿನಲ್ಲಿ ತೊಗರಿಬೇಳೆ ನಾಲ್ಕು ವಿಷಲ್ ಆದರೂ ಕಲ್ಲು.

ಪಾಚಿ_ಪಂಡಿತ
ಆಳದ ಬೋರ್‌ಗಿಂತ ಚೆನ್ನಾಗಿ ಬೇಯುತ್ತದೆ. ಮೇಲ್ಪದರದ ನೀರಿನಲ್ಲಿ ಸಾಮಾನ್ಯವಾಗಿ ಗಡಸು ಕಡಿಮೆ.

ತುಮಕೂರು_ತಟ್ಟೆಇಡ್ಲಿ
ನೀವು ಇಷ್ಟೆಲ್ಲ ತಲೆಕೆಡಿಸಿಕೊಂಡಿದ್ದೀರಿ. ನಾವು ವರ್ಷಗಟ್ಟಲೆಯಿಂದ ಬುಗುಡನಹಳ್ಳಿ ಕೆರೆ ನೀರು ಕುಡಿಯುತ್ತಿದ್ದೇವೆ. ಹೇಮಾವತಿ ನಾಲೆಯಿಂದ ತುಂಬಿಸುತ್ತಾರೆ, ಶುದ್ಧ ಮಾಡುತ್ತಾರೆ, ನಲ್ಲಿಗೆ ಬರುತ್ತದೆ. ಇಡ್ಲಿ ಮೆತ್ತಗೆ ಆಗುವುದೇ ಆ ನೀರಿನಿಂದ.

ಬೆಣ್ಣೆದೋಸೆ_ಮಂದಿ
ದಾವಣಗೆರೆಯಲ್ಲೂ ಹಾಗೇ. ಭದ್ರಾ ನಾಲೆ ನೀರನ್ನು ಕುಂದವಾಡ ಕೆರೆಯಲ್ಲೂ ಟಿವಿ ಸ್ಟೇಷನ್ ಕೆರೆಯಲ್ಲೂ ನಿಲ್ಲಿಸಿಕೊಂಡು ಬಳಸುತ್ತೇವೆ. ನಾಲೆ ನಿಂತ ತಿಂಗಳುಗಳಲ್ಲಿ ಆ ಕೆರೆಗಳೇ ಗತಿ. ಬೆಳಿಗ್ಗೆ ಕುಂದವಾಡ ಕೆರೆ ಸುತ್ತ ವಾಕಿಂಗ್ ಹೋಗುವವರಿಗೆ ತಾವು ಕುಡಿಯುವ ನೀರು ಕಣ್ಣೆದುರೇ ಇರುತ್ತದೆ. ಅದರ ಲಾಭವೇ ಬೇರೆ. ಯಾರಾದರೂ ಕಸ ಎಸೆದರೆ ಜನ ಸುಮ್ಮನೆ ಬಿಡಲ್ಲ.

ತುಮಕೂರು_ತಟ್ಟೆಇಡ್ಲಿ
ಆದರೆ ದೋಸೆಯಲ್ಲಿ ನೀರಿನ ಪಾತ್ರ ಏನಿಲ್ಲ, ಎಲ್ಲ ಬೆಣ್ಣೆ.

ಬೆಣ್ಣೆದೋಸೆ_ಮಂದಿ
ಇಡ್ಲಿಯನ್ನು ತಟ್ಟೆಯಷ್ಟು ದೊಡ್ಡದು ಮಾಡಿದ ತಕ್ಷಣ ರುಚಿ ಬರಲ್ಲ ರೀ.

ನಿರ್ವಾಹಕ
ಇಡ್ಲಿ ದೋಸೆ ಜಗಳಕ್ಕೆ ಬೇರೆ ಎಳೆ ತೆರೆಯಿರಿ ದಯವಿಟ್ಟು.

ಹುಬ್ಬಳ್ಳಿ_ಹೈದ
ನೀರಸಾಗರ ಇಲ್ಲದಿದ್ದರೆ ಹುಬ್ಬಳ್ಳಿ ಎಂದೋ ಖಾಲಿಯಾಗಿರುತ್ತಿತ್ತು. ಆಮೇಲೆ ಮಲಪ್ರಭಾ ಬಂತು. ಆದರೆ ಬರ ಬಂದ ವರ್ಷ ನೀರಸಾಗರದ ತಳ ಕಂಡದ್ದನ್ನೂ ನೋಡಿದ್ದೇನೆ. ಅದರಲ್ಲಿ ಕ್ರಿಕೆಟ್ ಆಡಿದ್ದೇವೆ ರೀ. ಕೆರೆ ನೀರು ಅಂತ ಹೇಳಿದಾಕ್ಷಣ ಬರಕ್ಕೆ ಉಪಾಯ ಸಿಕ್ಕಿತು ಅಂತ ಅಲ್ಲ. ಮಳೆ ನಂಬಿದ ಕೆರೆ ಬರದಲ್ಲೇ ಮೊದಲು ಕೈಕೊಡುವುದು.

ಪಾಚಿ_ಪಂಡಿತ
@ಹುಬ್ಬಳ್ಳಿ_ಹೈದ ಅದೇ ನೋಡಿ. ಮಳೆ ನಂಬಿದ ಕೆರೆ ಬರದಲ್ಲಿ ಒಣಗುತ್ತದೆ. ಸಂಸ್ಕರಿಸಿದ ನೀರು ನಂಬಿದ ಕೆರೆ ಒಣಗುವುದಿಲ್ಲ, ಏಕೆಂದರೆ ಬರವಿರಲಿ ಮಳೆಯಿರಲಿ ಜನ ಸ್ನಾನ ಮಾಡುತ್ತಾರೆ. ಬಳಸಿದ ನೀರಿನಲ್ಲಿ ಸುಮಾರು 80% ಚರಂಡಿಗೆ ವಾಪಸ್ಸು ಬರುತ್ತದೆ ಎಂದು ಲೆಕ್ಕ. ಬೆಂಗಳೂರಿನಂಥ ಊರಿಗೆ ಬೇಸಿಗೆಯಲ್ಲಿ ಬತ್ತದ ನದಿ ಅಂದರೆ ಅದೇ.

ಕೋಲಾರ_ಟೊಮೇಟೊ
ಆ ನದಿಯ ಕೊನೆಯಲ್ಲಿ ಇರುವವರು ನಾವು. ಸ್ವಲ್ಪ ನಮ್ಮ ಮಾತೂ ಕೇಳಿ.

ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು, ನಮ್ಮ ಕೆರೆಗಳಿಗೆ ಬಂದದ್ದು 2018ರ ಜೂನ್‌ನಲ್ಲಿ. ದಿನಕ್ಕೆ 440 ಎಂಎಲ್‌ಡಿ ಯೋಜನೆ, ಅಂದರೆ 44 ಕೋಟಿ ಲೀಟರ್. ಮುಂದಿನ ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ಮತ್ತೆ ಬಿಟ್ಟಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಮಾಡಿ ಕೊಡಿ ಅಂತ ನಮ್ಮವರು ಇವತ್ತಿಗೂ ಕೂಗುತ್ತಿದ್ದಾರೆ.

ನಾನು ಎರಡೂ ಕಣ್ಣಿನಿಂದ ನೋಡಿದ್ದೇನೆ. ನಮ್ಮ ತೋಟದಲ್ಲಿ ಮೂರು ಬೋರ್ ಸತ್ತಿದ್ದವು. 1,200 ಅಡಿಗೆ ಕೊರೆದು ಸಾಲ ಮಾಡಿಕೊಂಡಿದ್ದೆವು. ಕೆರೆ ತುಂಬಿದ ಎರಡನೇ ವರ್ಷ ಒಂದು ಬೋರ್ ತಾನಾಗಿಯೇ ಎದ್ದಿತು. ಅಪ್ಪ ಅವತ್ತು ಬೋರ್‌ಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಟೊಮೇಟೊ ಬೆಳೆದೆವು, ಮಗಳ ಮದುವೆ ಆಯಿತು. ಸುಳ್ಳು ಹೇಳಲ್ಲ.

ಆದರೆ ಆ ಬೋರ್ ನೀರನ್ನು ಮನೆಯಲ್ಲಿ ಕುಡಿಯುತ್ತೇವಾ? ಇಲ್ಲ. ಊರಿನ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಬೆಂಗಳೂರಿನವರು "ಚರಂಡಿ ನೀರು ಸಂಪಿಗೆ ಬೇಡ" ಅನ್ನುವಾಗ ಇಷ್ಟು ನೆನಪಿರಲಿ. ನಮ್ಮನ್ನು ಯಾರೂ ಮೀಟಿಂಗ್ ಕರೆದು ಕೇಳಲಿಲ್ಲ.

ಅಮ್ಮನ_ಕೈರುಚಿ
ಇದು ಓದಿ ಬೇಜಾರಾಯಿತು ಅಣ್ಣಾ.

ಸುಮ್ನಿರಪ್ಪ
@ಕೋಲಾರ_ಟೊಮೇಟೊ ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ. ಕುಡಿಯಲು ಬರಲ್ಲ.

ಕೋಲಾರ_ಟೊಮೇಟೊ
ಬರಲ್ಲ ಅಂತ ಹೇಳಲಿಲ್ಲ. ಸರಿಯಾಗಿ ಶುದ್ಧ ಮಾಡದೆ ಕೊಟ್ಟರೆ ಬರಲ್ಲ ಅಂದೆ. ಎರಡೂ ಬೇರೆ.

ನೀರಗಂಟಿ_ಮೊಮ್ಮಗ
ಇಲ್ಲಿ ದೇವನಹಳ್ಳಿ ಬಗ್ಗೆ ಯಾರೂ ಹೇಳಲೇ ಇಲ್ಲ. ಅಲ್ಲಿ ಈ ಕೆಲಸ ಆಗಿಯೇ ಇದೆ. ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬಾಗಲೂರು ಕೆರೆಗೆ, ಅಲ್ಲಿಂದ ದೇವನಹಳ್ಳಿಯ ಸಿಹಿನೀರು ಕೆರೆಗೆ. ಕೆರೆ ಪಕ್ಕ ಹಾಳುಬಿದ್ದಿದ್ದ ತೆರೆದ ಬಾವಿಯನ್ನು ಸ್ವಚ್ಛ ಮಾಡಿದರು. ಜೊತೆಗೆ ಫಿಲ್ಟರ್ ಬೋರ್‌ವೆಲ್. ಆ ನೀರು ಸಣ್ಣದೊಂದು ಶುದ್ಧೀಕರಣ ಘಟಕಕ್ಕೆ ಹೋಗಿ, ಪುರಸಭೆಯ ನೀರಿನ ಜೊತೆ ಊರಿಗೆ ಹೋಗುತ್ತದೆ. ನಾನು ಹೋಗಿ ನೋಡಿದ್ದೇನೆ. ಬಾವಿಗೆ ಇಣುಕಿದರೆ ತಳದ ಕಲ್ಲು ಕಾಣುತ್ತಿತ್ತು.

ಹೆಸರು ಗಮನಿಸಿ. ಸಿಹಿನೀರು ಕೆರೆ. ಉಪ್ಪುನೀರಿನ ಬಾವಿ, ಸಿಹಿನೀರಿನ ಬಾವಿ ಅಂತ ಬೇರೆ ಬೇರೆ ಇಟ್ಟುಕೊಂಡಿದ್ದ ಜನ ಅವರು. ಕುಡಿಯುವುದಕ್ಕೆ ಒಂದು, ತೊಳೆಯುವುದಕ್ಕೆ ಒಂದು. ನಾವು ಮಾತ್ರ ಕಾವೇರಿ ನೀರಿನಲ್ಲೇ ಕಾರು ತೊಳೆದು, 2024ರಲ್ಲಿ 5,000 ರೂಪಾಯಿ ದಂಡ ಹಾಕಿದಾಗ ಕಣ್ಣು ಬಿಟ್ಟೆವು.

ಮೂರನೇ_ಮಹಡಿ
ನಮ್ಮ ಬ್ಲಾಕ್‌ನಲ್ಲೂ ಒಬ್ಬರು ತೊಳೆಯುತ್ತಿದ್ದರು. ಹೆಸರು ಹೇಳಲ್ಲ. ಅಭಿಷೇಕದ ಬಗ್ಗೆ ಕೇಳಿದವರೇ.

ಪಾಚಿ_ಪಂಡಿತ
ದೇವನಹಳ್ಳಿಯ ಉದಾಹರಣೆ ಒಳ್ಳೆಯದು. ಆದರೆ ಗಮನಿಸಬೇಕಾದದ್ದು ಮೆಟ್ಟಿಲುಗಳು. ಘಟಕದಲ್ಲಿ ಒಂದು ಸಲ ಶುದ್ಧಿ, ಒಂದು ಕೆರೆಯಲ್ಲಿ ನಿಲ್ಲುವುದು, ಇನ್ನೊಂದು ಕೆರೆಯಲ್ಲಿ ನಿಲ್ಲುವುದು, ಮಣ್ಣು, ಆಮೇಲೆ ಮತ್ತೆ ಘಟಕ. ಒಂದು ಮೆಟ್ಟಿಲು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಜಕ್ಕೂರಿನಲ್ಲೂ ಹಾಗೇ, ಘಟಕದಿಂದ ಬಂದ ನೀರು ನೇರ ಕೆರೆಗೆ ಬೀಳಲ್ಲ. ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು ಬರುತ್ತದೆ. ಆ ಜೊಂಡು ಬರೀ ಅಂದಕ್ಕೆ ಅಂತ ಅಂದುಕೊಂಡು ಕಿತ್ತು ಹಾಕಿ ಅಂತ ಅರ್ಜಿ ಕೊಡುವವರನ್ನೂ ನೋಡಿದ್ದೇನೆ.

ಟ್ಯಾಂಕರ್‌ನಲ್ಲಿ ಬರುವ ನೀರಿಗೆ ಕೊನೆಯ ಮೆಟ್ಟಿಲು ಇದೆಯೋ ಇಲ್ಲವೋ ಗೊತ್ತಿಲ್ಲ. ತೊಂದರೆ ಅಲ್ಲಿ.

ಮನಿಲಾ_ಮಂಡ್ಯ
ಮಂಡ್ಯದವನು, ಎಂಟು ವರ್ಷ ಮನಿಲಾದಲ್ಲಿದ್ದೆ. ನಿಮ್ಮ ಕಥೆಯೇ ಅಲ್ಲಿಯೂ. ಆ ಊರಿನ ನೀರಿನಲ್ಲಿ 90%ಗೂ ಜಾಸ್ತಿ ಅಂಗಾತ್ ಅನ್ನುವ ಒಂದೇ ಅಣೆಕಟ್ಟಿನಿಂದ. ಅದು ಕೆಳಗಿಳಿದರೆ ಇಡೀ ಊರು ಬಕೆಟ್ ಹಿಡಿದು ನಿಲ್ಲುತ್ತದೆ. ಅದಕ್ಕೆ 2010ರಲ್ಲಿ ಪಕ್ಕದ ಲಗುನಾ ಸರೋವರದ ನೀರನ್ನು ಶುದ್ಧ ಮಾಡಿ ಕೊಡಲು ಶುರು ಮಾಡಿದರು. ಪುಟಾಟಾನ್ ಅನ್ನುವ ಜಾಗದಲ್ಲಿ ಘಟಕ. ಸುಮಾರು 900 ಚದರ ಕಿಲೋಮೀಟರ್ ಸರೋವರ, ಆದರೆ ಆಳ ಇಲ್ಲ. ಸುತ್ತಲಿನ ಊರುಗಳ ಕೊಳೆ, ಮೀನು ಸಾಕುವ ಬಲೆಗಳು, ಪಾಚಿ, ಎಲ್ಲ ಇದೆ.

ಮೊದಮೊದಲು ಜನ ಮೂಗು ಮುರಿದರು. ನಮ್ಮ ಮನೆ ಓನರ್ ಅಜ್ಜಿ ಆ ನೀರನ್ನು ಗಿಡಕ್ಕೆ ಮಾತ್ರ ಹಾಕುತ್ತಿದ್ದರು. ಅಲ್ಲಿ ಪಾಚಿಯನ್ನು ತೇಲಿಸಿ ತೆಗೆಯುತ್ತಾರೆ, ಆಮೇಲೆ ಪೊರೆ ಫಿಲ್ಟರ್, ಆಮೇಲೆ ಆರ್‌ಒ. ಅಂಗಾತ್ ನೀರಿಗಿಂತ ಖರ್ಚು ಜಾಸ್ತಿ. ಡಿಸೆಂಬರ್‌ನಿಂದ ಈಶಾನ್ಯ ಗಾಳಿ ಬೀಸಿದರೆ ತಳದ ಕೆಸರೆಲ್ಲ ಮೇಲೆದ್ದು ನೀರು ಕದಡುತ್ತದೆ. ಘಟಕ ಅರ್ಧಕ್ಕೆ ಇಳಿಸುತ್ತಾರೆ, ನಲ್ಲಿ ನಿಲ್ಲುತ್ತದೆ. ಆದರೆ ನಿಲ್ಲುವ ಮೊದಲು ಯಾವ ರಸ್ತೆಗೆ ಎಷ್ಟು ಗಂಟೆ ಇಲ್ಲ ಅಂತ ಪಟ್ಟಿ ಬರುತ್ತದೆ, ಕಾರಣ ಸಮೇತ. ಕದಡು ಎಷ್ಟಿದೆ ಅನ್ನುವ ನಂಬರ್ ಕೂಡ ಹೇಳುತ್ತಾರೆ. ಅಜ್ಜಿಗೆ ನಂಬಿಕೆ ಬಂದದ್ದು ಆ ಪಟ್ಟಿಯಿಂದ.

ಇನ್ನು ಮಂಡ್ಯದವನಾಗಿ ಒಂದು ಮಾತು. ಬೆಂಗಳೂರಿನವರು ಒಂದು ಬಕೆಟ್ ಕೆರೆ ನೀರು ಬಳಸಿದರೆ ನಮ್ಮ ಗದ್ದೆಗೆ ಒಂದು ಬಕೆಟ್ ಉಳಿಯುತ್ತದೆ. ಅಭಿಷೇಕದ ಅಂಕಲ್‌ಗೆ ಹೇಳಿ.

ಸುಮ್ನಿರಪ್ಪ
ಕಾವೇರಿ ಐದನೇ ಹಂತ ಬಂದಾಯಿತಲ್ಲ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ, 775 ಎಂಎಲ್‌ಡಿ, 110 ಹಳ್ಳಿಗೆ. ಇನ್ನೇನು ಕೆರೆ ಗಿರೆ?

ನೀರಗಂಟಿ_ಮೊಮ್ಮಗ
ಲೆಕ್ಕ ಮಾಡಿ. 2024ರ ಬರದ ಸಮಯದಲ್ಲಿ ಸರ್ಕಾರವೇ ಹೇಳಿದ್ದು: ಬೇಕಾದದ್ದು 2,600 ಎಂಎಲ್‌ಡಿ, ಕಾವೇರಿಯಿಂದ 1,450, ಬೋರ್‌ವೆಲ್‌ಗಳಿಂದ 650, ಕೊರತೆ 500. ಸರ್ಕಾರಿ ಬೋರ್‌ವೆಲ್ ಸುಮಾರು 14,000 ಇದ್ದು 6,900 ಒಣಗಿದ್ದವು. 775 ಸೇರಿಸಿದರೆ 2,225. ಬೋರ್‌ವೆಲ್ ಪೂರ್ತಿ ನಿಂತರೆ ಈಗಲೂ ಸಾಲದು, ಊರು ಬೇರೆ ದಿನಾ ಬೆಳೆಯುತ್ತಿದೆ. ಅದೂ ಅಲ್ಲದೆ ಆ ನೀರು ಬರುವುದು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲೊಂದು, ಆಮೇಲೆ ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲೆತ್ತುತ್ತಾರೆ. ಕರೆಂಟ್ ಬಿಲ್ ಯಾರ ತಲೆ ಮೇಲೆ? 11 ವರ್ಷದಿಂದ ಏರದ ನೀರಿನ ದರ 2025ರ ಏಪ್ರಿಲ್‌ನಲ್ಲಿ ಏರಿದ್ದು ಸುಮ್ನೆ ಅಲ್ಲ.

ಸುಮ್ನಿರಪ್ಪ
ಎತ್ತಿನಹೊಳೆ ಇದೆ.

ಕೋಲಾರ_ಟೊಮೇಟೊ
ಎತ್ತಿನಹೊಳೆ 😀 ಅದು ಹೊರಟದ್ದು ನಮಗೆ ಅಂತ. ದಾರಿಯಲ್ಲಿ ಎಲ್ಲರೂ ಲೋಟ ಹಿಡಿದು ನಿಂತಿದ್ದಾರೆ.

ಕುಡ್ಲದ_ಕುವರಿ
ನಮ್ಮ ನೇತ್ರಾವತಿಯ ಹೊಳೆಗಳನ್ನು ತಿರುಗಿಸಿಕೊಂಡು ಹೋಗಿ ಅಲ್ಲಿ ಲೋಟ ಹಿಡಿದು ಜಗಳ ಆಡುತ್ತೀರಾ ಮಾರಾಯ್ರೇ? ಇಲ್ಲಿ ಏಪ್ರಿಲ್ ಮೇ ಬಂದರೆ ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟು ಮೀಟರ್ ಉಂಟು ಅಂತ ನಾವು ದಿನಾ ಪೇಪರ್ ನೋಡುತ್ತೇವೆ. ಮೊದಲು ನಿಮ್ಮ ಬಚ್ಚಲು ನೀರನ್ನು ಸರಿಯಾಗಿ ಬಳಸಿ, ಆಮೇಲೆ ಘಟ್ಟ ಇಳಿಯಿರಿ.

ಚೆನ್ನೈ_ಕನ್ನಡಿಗ
2019ರ ಜೂನ್‌ನಲ್ಲಿ ನಾನು ಚೆನ್ನೈನಲ್ಲಿ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ, ನಾಲ್ಕೂ ಬಿರುಕು ಬಿಟ್ಟಿದ್ದವು. ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಅವತ್ತು ಊರನ್ನು ಸ್ವಲ್ಪವಾದರೂ ಉಳಿಸಿದ್ದು ಒಂದು ಕಡೆ ಸಮುದ್ರದ ನೀರು ಸಿಹಿ ಮಾಡುವ ಘಟಕಗಳು, ಇನ್ನೊಂದು ಕಡೆ 235 ಕಿಲೋಮೀಟರ್ ದೂರದ ವೀರಾಣಂ ಕೆರೆ. ಆ ವೀರಾಣಂ ತುಂಬುವುದು ಕೊಳ್ಳಿಡಂನಿಂದ, ಅಂದರೆ ಕಾವೇರಿಯ ಬಾಲದಿಂದ. ಕೊನೆಗೆ ಎಲ್ಲರೂ ಒಂದೇ ತಾಯಿಯ ಸೆರಗು ಎಳೆಯುತ್ತಿದ್ದೇವೆ. ಒಂದೇ ಕಡೆ ನೆಚ್ಚಿಕೊಂಡ ಊರು ಯಾವತ್ತಾದರೂ ಒಂದು ದಿನ ಪೆಟ್ಟು ತಿನ್ನುತ್ತದೆ. ಕಷ್ಟಕ್ಕೆ ನಾಲ್ಕು ಬಾಗಿಲು ಇರಬೇಕು.

ಅಮ್ಮನ_ಕೈರುಚಿ
ಆರ್‌ಒ ಹಾಕಿಸಿದರೆ ಎಲ್ಲ ಮುಗಿಯಿತಲ್ಲ? ಯಾಕೆ ಇಷ್ಟು ಚರ್ಚೆ?

ಪಾಚಿ_ಪಂಡಿತ
ಮನೆಯ ಆರ್‌ಒ ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ ತಾಯಿ. 64 ಮನೆ, ಎಲ್ಲ ಮನೆಯ ಪೈಪು ಸಿಂಕಿಗೆ. ಆ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು ಬಳಸಿದರೆ ಸರಿ.

ಅಮ್ಮನ_ಕೈರುಚಿ
ನಾನು ಮೊದಲಿಂದಲೂ ಹಾಗೇ ಮಾಡುವುದು. ನಮ್ಮ ಯಜಮಾನರಿಗೇ ಗೊತ್ತಿಲ್ಲ 🙂

ಟ್ಯಾಂಕರ್_ತಿಮ್ಮ
ಪಂಡಿತರೇ, ಕ್ಲೋರಿನ್ ಎಷ್ಟು ಹಾಕಬೇಕು? ನಾನು ಅಂದಾಜಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕುತ್ತೇನೆ. ಕೆಲವರು ವಾಸನೆ ಅಂತ ಜಗಳಕ್ಕೆ ಬರುತ್ತಾರೆ.

ಪಾಚಿ_ಪಂಡಿತ
ಅಂದಾಜು ಬೇಡಪ್ಪ. ಮನೆಯ ನಲ್ಲಿಗೆ ಬಂದಾಗ ಲೀಟರ್‌ಗೆ 0.2 ಮಿಲಿಗ್ರಾಂ ಉಳಿದಿರಬೇಕು. ಅದನ್ನು ನೋಡಲು ಸಣ್ಣ ಕಿಟ್ ಸಿಗುತ್ತದೆ, ಒಂದೆರಡು ಹನಿ ಹಾಕಿದರೆ ಬಣ್ಣ ಬರುತ್ತದೆ. ನೀರಿನಲ್ಲಿ ಪಾಚಿ, ಕೊಳೆತ ಎಲೆಯ ಅಂಶ ಜಾಸ್ತಿ ಇದ್ದಾಗ ಕ್ಲೋರಿನ್ ಸುರಿದರೆ ಬೇರೆ ಕೆಟ್ಟ ರಾಸಾಯನಿಕ ಹುಟ್ಟುತ್ತವೆ. ಮೊದಲು ಸೋಸಬೇಕು, ಆಮೇಲೆ ಕ್ಲೋರಿನ್. ಕ್ರಮ ತಪ್ಪಬಾರದು.

@ಮೂರನೇ_ಮಹಡಿ ನೀವು ಒಂದು ಕೆಲಸ ಮಾಡಿ. ಎಚ್‌ಟುಎಸ್ ಬಾಟಲಿ ಅಂತ ಅಗ್ಗಕ್ಕೆ ಸಿಗುತ್ತದೆ. ಗೆರೆವರೆಗೆ ನೀರು ತುಂಬಿಸಿ ಮುಚ್ಚಿ ಒಂದೆರಡು ದಿನ ಇಡಿ. ಕಪ್ಪಾದರೆ ಮಲದ ಅಂಶ ಸೇರಿರುವ ಅನುಮಾನ. ನೈಟ್ರೇಟ್‌ಗೆ ಇದು ಆಗಲ್ಲ, ಅದಕ್ಕೆ ಲ್ಯಾಬ್‌ಗೇ ಕೊಡಿ. ಟ್ಯಾಂಕರ್ ಪೈಪಿನಿಂದ ಒಂದು, ಕಾವೇರಿ ನೀರು ಬರುವ ಪೈಪಿನಿಂದ ಒಂದು, ಸಂಪಿನಿಂದ ಒಂದು, ಅಡುಗೆಮನೆ ನಲ್ಲಿಯಿಂದ ಒಂದು. ನಾಲ್ಕೂ ಬೇಕು.

ಸುಮ್ನಿರಪ್ಪ
ಟ್ಯಾಂಕರ್‌ದು ಕಪ್ಪಾಗುತ್ತದೆ. ಬರೆದಿಟ್ಟುಕೊಳ್ಳಿ.

ಟ್ಯಾಂಕರ್_ತಿಮ್ಮ
ಆಗಲ್ಲ. ಬಿರಿಯಾನಿ ಪಂದ್ಯ?

ಸುಮ್ನಿರಪ್ಪ
ನಾನು ಸಸ್ಯಾಹಾರಿ. ಮಸಾಲೆ ದೋಸೆ.

ಬೆಣ್ಣೆದೋಸೆ_ಮಂದಿ
ಅದು ಸರಿಯಾದ ಪಂದ್ಯ.

ಮೂರನೇ_ಮಹಡಿ
ಹತ್ತು ದಿನ ಆಯಿತು, ಕ್ಷಮಿಸಿ. ಹೇಳುವುದು ಬಹಳ ಇದೆ.

ಮೊದಲು ಕೆರೆ. ಭಾನುವಾರ ಬೆಳಿಗ್ಗೆ ಅಭಿಷೇಕದ ಅಂಕಲ್‌ರನ್ನೂ ಕರೆದುಕೊಂಡು ಹೋದೆ. ಬರಲ್ಲ ಅಂದರು, ಇಡ್ಲಿ ಕೊಡಿಸುತ್ತೇನೆ ಅಂದ ಮೇಲೆ ಬಂದರು. ಘಟಕದ ನೀರು ಬೀಳುವ ಕಡೆ ಜೊಂಡು ಇದೆ, ನೀರಿಗೆ ವಾಸನೆ ಇಲ್ಲ. ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ಆದರೆ ಇನ್ನೊಂದು ಮೂಲೆಯಲ್ಲಿ ರಾಜಕಾಲುವೆಯಿಂದ ಒಂದು ಸಣ್ಣ ಕಪ್ಪು ಧಾರೆ ಸೇರುತ್ತಿದೆ. ಅದು ಘಟಕದಿಂದ ಬಂದದ್ದಲ್ಲ, ಯಾರದ್ದೋ ಮನೆಗಳ ಪೈಪು ನೇರ ಕಾಲುವೆಗೆ. ಅಂಕಲ್ ಅದನ್ನು ನೋಡಿ "ಇದನ್ನು ಮುಚ್ಚಿಸಿದರೆ ಉಳಿದದ್ದು ಪರವಾಗಿಲ್ಲವಲ್ಲ" ಅಂದರು. ಫೋಟೊ ತೆಗೆದು ದೂರು ಕೊಟ್ಟಿದ್ದೇವೆ. ಅವರ ಹೆಸರಿನಲ್ಲೇ.

ಎರಡನೆಯದು ಬಾಟಲಿಗಳು. ಟ್ಯಾಂಕರ್ ಪೈಪಿನದು ಕಪ್ಪಾಗಲಿಲ್ಲ. ಕಾವೇರಿಯದೂ ಕಪ್ಪಾಗಲಿಲ್ಲ. ಸಂಪಿನದು ಮಾರನೇ ದಿನಕ್ಕೆ ಡಾಂಬರಿನ ಹಾಗೆ ಆಯಿತು. ಅಡುಗೆಮನೆಯದೂ ಹಾಗೇ. ಮುಚ್ಚಳ ತೆಗೆಸಿ ನೋಡಿದರೆ ಮೂಲೆಯಲ್ಲಿ ಬಿರುಕು, ಪಕ್ಕದಲ್ಲೇ ಚರಂಡಿ ಚೇಂಬರ್. ತಳದಲ್ಲಿ ಒಂದು ಗೇಣು ಕೆಸರು. ಒಂದು ಮಗುವಿನ ಚಪ್ಪಲಿ ಕೂಡ ಇತ್ತು. ಹಳೇ ಪುಸ್ತಕ ತೆಗೆದು ನೋಡಿದೆ. ಸಂಪು ಕೊನೆಯ ಸಲ ತೊಳೆಸಿದ್ದು ಆರು ವರ್ಷದ ಹಿಂದೆ.

ಲ್ಯಾಬ್ ರಿಪೋರ್ಟ್‌ನಲ್ಲಿ ಟ್ಯಾಂಕರ್ ನೀರಿನ ನೈಟ್ರೇಟ್ 38. ಪಂಡಿತರು ಹೇಳಿದ 45ರ ಒಳಗೆ ಇದೆ, ಆದರೆ ಹತ್ತಿರವೇ ಇದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಮಾಡಿಸುತ್ತೇನೆ. ಅಲ್ಲಿವರೆಗೆ ಕೂಸು ಇರುವ ಮೂರು ಮನೆಗಳಿಗೆ ಕ್ಯಾನ್ ನೀರು ತರಿಸಿ ಅಂತ ಹೇಳಿದ್ದೇನೆ.

ಪಾಚಿ_ಪಂಡಿತ
ಒಳ್ಳೆಯ ಕೆಲಸ. ಸಂಪು ರಿಪೇರಿ ಆಗುವವರೆಗೆ ಯಾರೂ ಆ ನಲ್ಲಿ ನೀರು ಕುಡಿಯಬೇಡಿ. ಸಂಪಿನೊಳಗೆ ಯಾರನ್ನೂ ಒಬ್ಬರನ್ನೇ ಇಳಿಸಬೇಡಿ, ಮೊದಲು ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ.

ಟ್ಯಾಂಕರ್_ತಿಮ್ಮ
@ಸುಮ್ನಿರಪ್ಪ ಮಸಾಲೆ ದೋಸೆ. ಎರಡು.

ಸುಮ್ನಿರಪ್ಪ
ಒಂದೇ ಹೇಳಿದ್ದು.

ಕೋಲಾರ_ಟೊಮೇಟೊ
ಆ ಕಪ್ಪು ಧಾರೆ ಮುಚ್ಚಿದರೋ ಇಲ್ಲವೋ ತಿಳಿಸಿ. ಅದು ಮುಂದೆ ಹರಿದು ಯಾರ ಊರಿಗೆ ಬರುತ್ತದೆ ಅಂತ ನನಗೆ ಗೊತ್ತು.

ಮೂರನೇ_ಮಹಡಿ
ಖಂಡಿತ ತಿಳಿಸುತ್ತೇನೆ ಅಣ್ಣಾ. ಅಂಕಲ್ ದಿನಾ ವಾಕಿಂಗ್‌ಗೆ ಆ ಕಡೆಗೇ ಹೋಗುತ್ತಿದ್ದಾರೆ. ಸಂಪಿನ ದುಡ್ಡಿಗೆ ಮಾತ್ರ ಮತ್ತೆ ಜಗಳ. ಬಾಡಿಗೆಯವರು ಕೊಡಬೇಕಾ, ಓನರ್ ಕೊಡಬೇಕಾ ಅಂತ. ಭಾನುವಾರ ಮೀಟಿಂಗ್.

ಅಮ್ಮನ_ಕೈರುಚಿ
ಸಂಪು ತೊಳೆಯುವವರು ಯಾರಾದರೂ ಗೊತ್ತಿದ್ದರೆ ನನಗೂ ಮೆಸೇಜ್ ಮಾಡಿ. ನಮ್ಮದು ಯಾವಾಗ ತೊಳೆಸಿದ್ದು ಅಂತ ಯಜಮಾನರನ್ನು ಕೇಳಿದೆ. "ನಮಗೆ ಸಂಪು ಎಲ್ಲಿದೆ?" ಅಂದರು.